ಉಪ್ಪಿನ ಕಾಫಿ

ಮನೆಮಂದಿಯೆಲ್ಲ ಅವಳನ್ನು ಪುಕ್ಕಲಿ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷವಾಗಿ, ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೇಲೂ ಆ ಹೆಸರು ಬಿಟ್ಟುಹೋಗಿರಲಿಲ್ಲ. ಹಾಗಂತ ಅವಳು ಎಲ್ಲದಕ್ಕೂ ಹೆದರುವವಳಲ್ಲ. ನಾಯಿಗೆ ಹೆದರುತ್ತಿರಲಿಲ್ಲ, ಕತ್ತಲೆಗೆ ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಎರಡಕ್ಕೆ ಮಾತ್ರ. ಒಂದು, ಕುದಿಯುವ ಸಕ್ಕರೆ ಪಾಕ. ಇನ್ನೊಂದು, ಅಪ್ಪನ ಅಕ್ಕ.

ಎರಡೂ ಭಯ ಹುಟ್ಟಿದ್ದು ಒಂದೇ ದಿನ. ಆರು ವರ್ಷದವಳಿದ್ದಾಗ ಅತ್ತೆಯ ಅಡುಗೆಮನೆಯಲ್ಲಿ ಸೌಟಿನಿಂದ ಒಂದು ಹನಿ ಪಾಕ ಅವಳ ಪಾದದ ಮೇಲೆ ಬಿದ್ದಿತ್ತು. ಬಿಸಿ ನೀರಾದರೆ ಜಾರಿಹೋಗುತ್ತದೆ. ಪಾಕ ಹೋಗುವುದಿಲ್ಲ, ಅಂಟಿಕೊಂಡು ಕೂತು ಸುಡುತ್ತದೆ. ಅವಳು ಕಿರುಚಿದ್ದಕ್ಕೆ ಬೀದಿಯವರು ಓಡಿಬಂದರು. ಅತ್ತೆ ಮಾತ್ರ ಅವಳ ಕಾಲನ್ನು ತಣ್ಣೀರಿನ ಬಕೆಟ್ಟಿನೊಳಗೆ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಣಲೆ ಕದಡುವುದನ್ನು ನಿಲ್ಲಿಸಲಿಲ್ಲ. ಬಿಟ್ಟರೆ ತಳ ಹತ್ತುತ್ತದಲ್ಲ.

ಅತ್ತೆ ಮದುವೆಯಾಗಿರಲಿಲ್ಲ. ಓಣಿಯ ಕೊನೆಯ ಮನೆಯ ಕೆಳಭಾಗದಲ್ಲಿ ಎರಡು ಕೋಣೆ, ಒಂದು ಅಡುಗೆಮನೆ ಇಟ್ಟುಕೊಂಡು, ಮುಂದಿನ ಕಿಟಕಿಯಿಂದ ಬಾದಾಮಿ ಬಿಲ್ಲೆ ಮಾರಿ ಬದುಕು ಕಟ್ಟಿಕೊಂಡವಳು. ಅದು ಅವಳ ಅಜ್ಜಿಯ ಕೈಯ ತಿಂಡಿ. ಬಾದಾಮಿ, ಸಕ್ಕರೆ, ಬೆಣ್ಣೆ, ಕೊನೆಗೆ ಚಿಟಿಕೆಯಷ್ಟು ಕಿತ್ತಳೆ ಸಿಪ್ಪೆಯ ತುರಿ, ಇಷ್ಟೇ. ಆದರೆ ಅದೇ ಸಾಮಾನು ಹಾಕಿ ಮಾಡಿದ ಬೇರೆ ಯಾರ ಬಿಲ್ಲೆಯೂ ಹಾಗೆ ನಾಲಿಗೆಯ ಮೇಲೆ ಕರಗುತ್ತಿರಲಿಲ್ಲ. ಮಾಡುವ ಬಗೆಯನ್ನು ಅತ್ತೆ ನಲವತ್ತು ವರ್ಷ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕೇಳಿದವರಿಗೆ, ನಾನು ಸತ್ತಮೇಲೆ ಬನ್ನಿ, ಹೇಳ್ತೀನಿ, ಅನ್ನುತ್ತಿದ್ದಳು.

ಅಂಥವಳು ಒಂದು ದಿನ ತಾನಾಗಿ ತಮ್ಮನ ಮನೆಗೆ ಬಂದು, ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು, ನಾಳೆಯಿಂದ ಬೆಳಿಗ್ಗೆ ಏಳಕ್ಕೆ ನಿನ್ನ ಮಗಳನ್ನು ಕಳಿಸು, ಬಿಲ್ಲೆ ಕಲಿಸುತ್ತೇನೆ ಎಂದಳು. ಪುಕ್ಕಲಿ ತನಗೆ ಅಂಗಡಿಯಿದೆ ಎಂದಳು. ಅಂಗಡಿ ತೆಗೆಯುವುದು ಹನ್ನೊಂದಕ್ಕೆ ಎಂದು ಅತ್ತೆಗೆ ಗೊತ್ತಿತ್ತು. ಪಾಕ ಕಂಡರೆ ಕೈ ನಡುಗುತ್ತದೆ ಎಂದಳು. ನಡುಗಲಿ, ಕದಡಲು ಅನುಕೂಲ, ಎಂದಳು ಅತ್ತೆ. ಅವಳು ಹೋದಮೇಲೆ ಅಪ್ಪ ಮಗಳ ಮುಖ ನೋಡದೆ, ಅಕ್ಕ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು ಕಣಮ್ಮ, ಎಂದಷ್ಟೇ ಹೇಳಿದ.

ಹೀಗೆ ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಅವಳು ಅತ್ತೆಯ ಮನೆಯ ಕಬ್ಬಿಣದ ಗೇಟು ತೆಗೆಯುತ್ತಿದ್ದಳು. ಆ ಚಿಲಕ ಓಣಿಗೆಲ್ಲ ಕೇಳುವಂತೆ ಟಣ್ ಎನ್ನುತ್ತಿತ್ತು. ಪಾಕದ ಭಯದಲ್ಲಿ ಅವಳು ಒಲೆ ಹಚ್ಚಲೂ ಹಿಂಜರಿಯುತ್ತಾಳೆಂದು ಗೊತ್ತಾದ ಮೇಲೆ, ಅತ್ತೆ ಗೇಟಿನ ಸದ್ದು ಕೇಳಿದ ಕೂಡಲೇ ಒಳಗೆ ಕಡ್ಡಿ ಗೀರಿ ಗ್ಯಾಸ್ ಒಲೆ ಹಚ್ಚಿಡತೊಡಗಿದಳು. ಅವಳು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಬಾಣಲೆಯಲ್ಲಿ ನೀರು ಬೆಚ್ಚಗಾಗಿರುತ್ತಿತ್ತು.

ಮೊದಲ ವಾರ ಬರೀ ಬಾದಾಮಿ ಸಿಪ್ಪೆ ಸುಲಿಯುವುದು, ಒಣಗಿಸುವುದು, ಪುಡಿ ಮಾಡಿ ಜರಡಿ ಹಿಡಿಯುವುದು. ಎರಡನೆಯ ವಾರ ಅತ್ತೆ ಸೌಟು ಅವಳ ಕೈಗೆ ಕೊಟ್ಟಳು. ಕುದಿಯುವ ಪಾಕದ ಮೇಲೆ ದೊಡ್ಡ ಗುಳ್ಳೆಗಳೆದ್ದು ಒಡೆಯುವಾಗ ಅವಳು ಮಾರುದೂರ ನಿಂತು, ಬೇರೆಯವರ ಮಗುವನ್ನು ಎತ್ತಿಕೊಂಡವಳ ಹಾಗೆ ತೋಳು ಚಾಚಿ ಕದಡುತ್ತಿದ್ದಳು. ಒಂದೆಳೆ ಬಂತೇ ಎಂದು ಬೆರಳ ನಡುವೆ ಪಾಕ ಹಿಡಿದು ನೋಡಬೇಕಾದಾಗಲಂತೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎಳೆ ನೋಡಬೇಕಾದವಳು ಕಣ್ಣು ಮುಚ್ಚಿದರೆ ಎಳೆ ತಾನೇ ಬಂದು ಹೇಳುತ್ತದೆಯೇ ಎಂದು ಅತ್ತೆ ಕೇಳುತ್ತಿದ್ದಳು.

ಆದರೆ ಪಾಕಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದ್ದದ್ದು ಆಮೇಲಿನ ಪರೀಕ್ಷೆ. ಬಾಣಲೆ ಇಳಿಸಿದ ಮೇಲೆ ಅತ್ತೆ ಸೌಟಿನ ತುದಿಯ ಒಂದು ಚೂರು ಅವಳಿಗೆ ಕೊಟ್ಟು, ಹೇಗಿದೆ ಹೇಳು ಎನ್ನುತ್ತಿದ್ದಳು. ತಾನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ತಿಂದು ತಿಂದು ಸಾಕಾಗಿದೆ, ಕಲಿಯುವವಳು ನೀನು, ನೀನು ಹೇಳು. ಕಿತ್ತಳೆ ಹೆಚ್ಚಾಯಿತೇ? ಬಾದಾಮಿಯ ಹಸಿತನ ಹೋಗಿದೆಯೇ? ಸಿಹಿ ಸರಿಯಿದೆಯೇ? ಅವಳ ಕಣ್ಣು ಪುಕ್ಕಲಿಯ ಮುಖದ ಮೇಲೆ ನೆಟ್ಟಿರುತ್ತಿತ್ತು. ಯಾವ ಉತ್ತರ ತಪ್ಪೋ ಎಂದು ಪುಕ್ಕಲಿ ಬೆವರುತ್ತಿದ್ದಳು. ಸರಿಯಿದೆ ಎಂದರೆ ಅತ್ತೆ ತಲೆಯಾಡಿಸುತ್ತಿದ್ದಳು. ಕಿತ್ತಳೆ ಸ್ವಲ್ಪ ಕಡಿಮೆ ಎಂದರೆ ಅದಕ್ಕೂ ತಲೆಯಾಡಿಸಿ, ಇನ್ನೊಂದು ಚಿಟಿಕೆ ಹಾಕು ಎನ್ನುತ್ತಿದ್ದಳು.

ಒಂದು ಬುಧವಾರ ತಳ ಹತ್ತಿತು. ಕದಡುತ್ತಿದ್ದವಳು ಪುಕ್ಕಲಿಯೇ. ಗುಳ್ಳೆ ಹಾರಿತೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು, ಅಷ್ಟರಲ್ಲಿ ಸೀದ ವಾಸನೆ ಮೂಗಿಗೆ ಹೊಡೆಯಿತು. ಬೈಗುಳಕ್ಕೆ ಕಾದು ನಿಂತಳು. ಪಕ್ಕದಲ್ಲೇ ನಿಂತಿದ್ದ ಅತ್ತೆ ಏನೂ ಅನ್ನಲಿಲ್ಲ. ಇಳಿಸಿದ ಮೇಲೆ ಎಂದಿನಂತೆ, ಹೇಗಿದೆ ಹೇಳು ಎಂದಳು. ಇಡೀ ಅಡುಗೆಮನೆ ಸೀದು ನಾರುತ್ತಿರುವಾಗ ಹೀಗೆ ಕೇಳುವುದು ವ್ಯಂಗ್ಯವೇ ಇರಬೇಕು. ತಪ್ಪು ಒಪ್ಪಿಕೊಳ್ಳಲು ನಾಲಿಗೆ ಏಳದೆ ಅವಳು, ಚೆನ್ನಾಗಿದೆ ಅತ್ತೆ, ಎಂದುಬಿಟ್ಟಳು. ಅತ್ತೆ ಆ ಬಿಲ್ಲೆಗಳನ್ನು ಕತ್ತರಿಸಿ ಡಬ್ಬಿಗೆ ತುಂಬಿ ಮುಂದಿನ ಕಿಟಕಿಯಲ್ಲಿಟ್ಟಳು.

ಮಾರನೆಯ ದಿನ ಔಷಧಿ ಅಂಗಡಿಯವರು ಡಬ್ಬಿ ವಾಪಸು ತಂದರು. ಇಪ್ಪತ್ತು ವರ್ಷಗಳಿಂದ ಬರುವ ಗಿರಾಕಿ. ಮೆಲ್ಲನೆ, ಯಾಕೋ ಈ ಸಲ ಸ್ವಲ್ಪ ಹತ್ತಿಕೊಂಡಿದೆ ಅಮ್ಮ, ಎಂದು ಹೇಳಿ ಹೋದರು. ಅತ್ತೆ ಡಬ್ಬಿ ತೆಗೆದು ಒಂದು ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದಳು. ಆಮೇಲೆ ಒಳಗೆ ಬಂದು ಪುಕ್ಕಲಿಗೆ ಹೇಳಿದಳು:

"ನೀನು ಚೆನ್ನಾಗಿದೆ ಅಂದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪುಕ್ಕಲಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಎಂದೂ ಬಗ್ಗದ ಅತ್ತೆಯ ದನಿಯಲ್ಲಿ ಏನೋ ಅಂಗಲಾಚಿದ ಹಾಗಿತ್ತು.

ಆ ದಿನ ಅಂಗಡಿಯಲ್ಲಿ ಅವಳಿಗೆ ಕೆಲಸ ಓಡಲಿಲ್ಲ. ಕಣ್ಣು ಮಂದವಾದವರು ಅದನ್ನು ಹೇಗೆ ಮುಚ್ಚಿಡುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು, ಹಿಂದಿನವರು ಓದುವಾಗ ಕೇಳಿ ಬಾಯಿಪಾಠ ಮಾಡಿಕೊಂಡು ಬಂದು ಕೂರುತ್ತಾರೆ. ನೀವೇ ಹೇಳಿ, ಅದು ಯಾವ ಅಕ್ಷರ, ಎಂದು ತಿರುಗಿ ಕೇಳುತ್ತಾರೆ. ಎದುರಿನವರ ಮುಖ ನೋಡಿ ಉತ್ತರ ಊಹಿಸುತ್ತಾರೆ. ಅತ್ತೆ ತಿಂಗಳಿಂದ ಮಾಡುತ್ತಿದ್ದದ್ದು ಇದನ್ನೇ ಅಲ್ಲವೇ? ಯಾರಿಗೂ ಹೇಳುವ ಹಾಗಿರಲಿಲ್ಲ, ಸುಮ್ಮನಿರುವ ಹಾಗೂ ಇರಲಿಲ್ಲ. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ.

ಶುಕ್ರವಾರ ಬಿಲ್ಲೆಯ ಕೆಲಸ ಮುಗಿದಮೇಲೆ ಅವಳೇ ಕಾಫಿ ಮಾಡಿದಳು. ಅತ್ತೆಯ ಲೋಟಕ್ಕೆ ಸಕ್ಕರೆಯ ಬದಲು ಎರಡು ಚಮಚ ಉಪ್ಪು ಹಾಕಿ ಕಲಕಿ ಕೊಟ್ಟಳು. ಅತ್ತೆ ಥೂ ಎಂದು ಉಗಿಯಲಿ, ಲೋಟವನ್ನೇ ತನ್ನ ಮೇಲೆ ಎಸೆಯಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಅತ್ತೆ ಸ್ಟೂಲಿನ ಮೇಲೆ ಕೂತು, ಮುಂದಿನ ವಾರದ ಬಾದಾಮಿಯ ಮಾತಾಡುತ್ತ, ಗುಟುಕು ಗುಟುಕಾಗಿ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು ಸೆರಗಿನಿಂದ ಬಾಯೊರೆಸಿಕೊಂಡಳು.

"ಸಕ್ಕರೆ ಒಂಚೂರು ಜಾಸ್ತಿ ಹಾಕ್ತೀಯ ನೀನು."

ಪುಕ್ಕಲಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಅತ್ತೆಯ ಮುಖವನ್ನು ಮತ್ತೆ ನೋಡುವ ಧೈರ್ಯ ಬರಲಿಲ್ಲ. ಹೋಗಿ ಬರ್ತೀನಿ ಎಂದು ಅಲ್ಲಿಂದಲೇ ಕೂಗಿ ಹೊರಟುಹೋದಳು. ಮನೆಯಲ್ಲಿ ಅಪ್ಪ, ಏನಮ್ಮ ಮುಖ ಹೀಗಿದೆ, ಎಂದಾಗ ತಲೆನೋವು ಎಂದಳು.

ಶನಿವಾರ ಬೆಳಿಗ್ಗೆ ಏನು ಹೇಳುವುದು, ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಬಂದಳು. ಗೇಟಿನ ಚಿಲಕದ ಮೇಲೆ ಕೈಯಿಟ್ಟದ್ದೂ ಆಯಿತು. ಆಗ ವಾಸನೆ ಬಂತು.

ಗ್ಯಾಸಿನ ವಾಸನೆ. ಪಕ್ಕದ ಸಂದಿಗೆ ತೆರೆದುಕೊಳ್ಳುವ ಅಡುಗೆಮನೆಯ ಕಿಟಕಿಯ ಕಡೆಯಿಂದ, ಕೊಳೆತ ಈರುಳ್ಳಿಯಂತೆ, ದಟ್ಟವಾಗಿ ಬರುತ್ತಿತ್ತು. ಹೊರಗೇ ಇಷ್ಟಿದ್ದರೆ ಒಳಗೆ ಎಷ್ಟಿರಬೇಕು. ಒಳಗೆ ಬಾದಾಮಿ ಸುರಿಯುವ ಸದ್ದು, ಪಾತ್ರೆ ಸರಿಸಿದ ಸದ್ದು. ಅತ್ತೆ ಅಲ್ಲೇ ಇದ್ದಾಳೆ. ಅವಳಿಗೆ ಗೊತ್ತಿಲ್ಲ. ಚಿಲಕ ಟಣ್ ಎಂದರೆ ಕಡ್ಡಿ ಗೀರುತ್ತಾಳೆ.

ಪುಕ್ಕಲಿ ಚಿಲಕದಿಂದ ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿಕೊಂಡಳು. ಕರೆಗಂಟೆ ಒತ್ತುವ ಹಾಗಿಲ್ಲ, ಅದು ಕರೆಂಟಿನದು, ಕಿಡಿ ಹಾರೀತು. ಕೂಗಿದರೆ ಬಂದಳೆಂದುಕೊಂಡು ಅತ್ತೆ ಒಲೆಗೇ ಕೈ ಹಾಕುತ್ತಾಳೆ. ಮಹಡಿಯ ಮೇಲೆ ಬಾಡಿಗೆಗಿದ್ದ ದರ್ಜಿಯ ಮಗು ಅಳುತ್ತಿತ್ತು. ಮೂರು ತಿಂಗಳ ಕೂಸು, ಸರಿಯಾಗಿ ಅಡುಗೆಮನೆಯ ನೆತ್ತಿಯ ಮೇಲೆ. ಅವಳು ಚಪ್ಪಲಿ ಬಿಟ್ಟು, ಗೇಟಿನ ಪಕ್ಕದ ಸೊಂಟದೆತ್ತರದ ಗೋಡೆ ಹತ್ತಿದಳು. ಬಟ್ಟೆ ಸಿಕ್ಕಿಕೊಂಡು ಪರ್ರೆಂದು ಹರಿಯಿತು. ಆ ಕಡೆ ಇಳಿದು, ಗೋಡೆ ಹಿಡಿದು ಸಂದಿಯಲ್ಲಿ ನಡೆದಳು. ಒಂದೊಂದು ಹೆಜ್ಜೆಗೂ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಓಡಿಹೋಗು ಎಂದು ಕಾಲುಗಳು ಹೇಳುತ್ತಿದ್ದವು. ಆಮೇಲೆ ಅಪ್ಪನಿಗೆ ಒಪ್ಪಿಕೊಂಡಳು, ಒಂದು ಗಳಿಗೆ ನಿಜವಾಗಿಯೂ ತಿರುಗಿ ನಿಂತಿದ್ದೆ ಎಂದು.

ಆಗಲೇ ದರ್ಜಿ ಚೀಲ ಹಿಡಿದು ಮೆಟ್ಟಿಲಿಳಿದು ಬಂದ. ಸಂದಿಯ ತುದಿಯಲ್ಲಿ ಅವನು ಗೇಟಿನ ಕಡೆ ಹೋಗುವುದು ಅವಳಿಗೆ ಕಂಡಿತು. ಕೈಬೀಸಿದಳು. ಅವನು ನೋಡಲಿಲ್ಲ.

ಟಣ್.

ಪುಕ್ಕಲಿ ಕಿಟಕಿಗೆ ಹಾರಿದಳು. ಅದರ ಅರ್ಧ ತೆರೆದ ಕದದಾಚೆ ಅತ್ತೆ ಸ್ಟೂಲಿನಿಂದ ಎದ್ದು, ಕಟ್ಟೆಯ ಮೇಲಿದ್ದ ಬೆಂಕಿಪೊಟ್ಟಣ ಕೈಗೆತ್ತಿಕೊಂಡು, ಕಡ್ಡಿ ಹೊರತೆಗೆಯುತ್ತಿದ್ದಳು. ಕಿರುಚಬಾರದು, ಬೆಚ್ಚಿಬಿದ್ದರೆ ಗೀರಿಬಿಟ್ಟಾಳು. ಹೇಗೆ ಬಂತೋ, ಅಂಗಡಿಯಲ್ಲಿ ಮುದುಕರ ಕಣ್ಣಿಗೆ ಹನಿ ಹಾಕುವಾಗಿನ ಮೆತ್ತಗಿನ ದನಿ ಅವಳಿಗೆ ಬಂತು.

"ಅತ್ತೆ, ಇಲ್ಲಿದ್ದೀನಿ. ಕಡ್ಡಿ ಗೀರಬೇಡಿ. ಗ್ಯಾಸ್ ಸೋರ್ತಿದೆ."

ಅತ್ತೆ ತಿರುಗಿದಳು. ಗೇಟಿನ ಕಡೆಯಿಂದ ಬರಬೇಕಾದವಳು ಕಿಟಕಿಯಲ್ಲಿದ್ದಾಳೆ. ಕಡ್ಡಿ ಪೊಟ್ಟಣದ ಬದಿಗೆ ತಾಗಿಯೇ ಇತ್ತು. ಅವಳು ಗಾಳಿಯನ್ನು ಒಂದು ಸಲ ಮೂಗಿನಿಂದ ಜೋರಾಗಿ ಎಳೆದುಕೊಂಡಳು. ಮುಖ ಬಿಗಿದುಕೊಂಡಿತು.

"ಸೋರಿದ್ರೆ ನನಗೆ ವಾಸನೆ ಬರ್ತಿರಲಿಲ್ವಾ? ಒಲೆ ಅಂದ್ರೆ ನಿನಗೆ ಮೊದಲಿಂದಲೂ ಭಯ. ಒಳಗೆ ಬಾ."

ಅವಳು ಒಲೆಯ ಕಡೆ ತಿರುಗಿದಳು. ಗೊತ್ತಿಲ್ಲದೆ ಅಲ್ಲ ಎಂದು ಪುಕ್ಕಲಿಗೆ ಆಗ ಹೊಳೆಯಿತು. ತನ್ನ ಮೂಗು ಸುಳ್ಳು ಹೇಳುತ್ತಿದೆಯೆಂದು ಒಪ್ಪುವುದಕ್ಕಿಂತ ಕಡ್ಡಿ ಗೀರುವುದೇ ಸುಲಭ ಅತ್ತೆಗೆ.

"ನಿನ್ನೆ ನಿಮ್ಮ ಕಾಫಿಗೆ ನಾನು ಉಪ್ಪು ಹಾಕಿದ್ದೆ ಅತ್ತೆ," ಎಂದಳು. "ಎರಡು ಚಮಚ. ನೀವು ಪೂರ್ತಿ ಕುಡಿದ್ರಿ."

ಅತ್ತೆಯ ಬೆನ್ನು ಅಲ್ಲಾಡಲಿಲ್ಲ. ಮೇಲೆ ಮಗು ಅಳುತ್ತಲೇ ಇತ್ತು. ಕೊನೆಗೆ ಅತ್ತೆ ಕಡ್ಡಿಯನ್ನು ಪೊಟ್ಟಣದೊಳಗೆ ಹಾಕಿ, ಪೊಟ್ಟಣವನ್ನು ನೀರಿನ ಪಾತ್ರೆಯೊಳಗೆ ಬಿಟ್ಟಳು.

"ಸ್ವಿಚ್ ಯಾವುದನ್ನೂ ಮುಟ್ಟಬೇಡಿ. ಹಿಂದಿನ ಬಾಗಿಲು ತೆಗೀರಿ."

ಅತ್ತೆ ಹೇಳಿದಂತೆ ಮಾಡಿದಳು. ಪುಕ್ಕಲಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ, ಕಟ್ಟೆಯ ಕೆಳಗೆ ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದಳು. ಬೆರಳು ಬೆವರಿ ಎರಡು ಸಲ ಜಾರಿತು. ಮೂರನೆಯ ಸಲ ತಿರುಗಿತು. ಕಿಟಕಿ ಬಾಗಿಲೆಲ್ಲ ತೆರೆದು ಹೊರಗೋಡಿ, ದರ್ಜಿಯನ್ನು ಕೂಗಿ ಕರೆದಳು. ಅವನು ಹೆಂಡತಿ ಮಗುವನ್ನು ಬೀದಿಗೆ ಕರೆತಂದ. ಆಮೇಲೆ ಪುಕ್ಕಲಿ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅತ್ತೆ ಬಂದು ಪಕ್ಕದಲ್ಲಿ ಕೂತಳು.

ಅತ್ತೆ ತಾನಾಗಿಯೇ ಹೇಳಿದಳು. ಎಂಟು ತಿಂಗಳ ಹಿಂದೆ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಕಟ್ಟಿಕೊಂಡು ಹೋಯಿತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು. ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಕಿತ್ತಳೆ ಸಿಪ್ಪೆ ಹಿಂಡಿ ಮೂಸಿ ನೋಡುತ್ತಿದ್ದಳು. ಹಾಲು ಕೆಟ್ಟಿದೆಯೋ ಎಂದು ಗೊತ್ತಾಗದೆ ಹಾಲು ಬಿಟ್ಟಳು. ಅನ್ನ ಹಳಸಿದೆಯೋ ಎಂದು ಹೆದರಿ, ಮಾಡಿದ್ದನ್ನು ಅರ್ಧ ಚೆಲ್ಲಿದಳು. ಡಾಕ್ಟರ ಹತ್ತಿರ ಹೋಗಲಿಲ್ಲ, ಡಾಕ್ಟರೂ ಅವಳ ಗಿರಾಕಿಯೇ.

"ಬಿಲ್ಲೆ ಮಾಡೋಳಿಗೆ ನಾಲಿಗೇನೇ ಇಲ್ಲ ಅಂತ ಗೊತ್ತಾದ್ರೆ ನಾನು ಯಾರು ಹೇಳು," ಎಂದಳು. "ನಿನ್ನ ನಾಲಿಗೆ ಒಳ್ಳೇದು. ಚಿಕ್ಕೋಳಿದ್ದಾಗಲೇ ನೋಡಿದ್ದೆ. ಅದಕ್ಕೇ ಕರೆದೆ. ಕಲಿಸೋಕಲ್ಲ ಕಣೇ. ನನ್ನ ನಾಲಿಗೆಯಾಗಿ ಇಟ್ಕೊಳ್ಳೋಕೆ."

ಪುಕ್ಕಲಿ ಹೆದರಿ ಹೇಳಿದ ಒಂದು ಸುಳ್ಳು ಸೀದ ಬಿಲ್ಲೆಯಾಗಿ ಗಿರಾಕಿಯ ಕೈಸೇರಿತ್ತು. ಅತ್ತೆ ಹೆದರಿ ಮುಚ್ಚಿಟ್ಟ ನಿಜ ಇನ್ನೊಂದು ಗಳಿಗೆಯಲ್ಲಿ ಮನೆಯನ್ನೇ ಹೊತ್ತೊಯ್ಯುತ್ತಿತ್ತು. ಯಾರು ಯಾರನ್ನು ಬೈಯಬೇಕು?

ಮಧ್ಯಾಹ್ನ ಗ್ಯಾಸಿನ ಮೆಕ್ಯಾನಿಕ್ ಬಂದು ನೋಡಿದ. ರಬ್ಬರ್ ಪೈಪು ಕಟ್ಟೆಯ ಅಂಚಿಗೆ ಉಜ್ಜಿ ಉಜ್ಜಿ ಸೀಳಿತ್ತು. ಅವನು ಪೈಪನ್ನು ಬಗ್ಗಿಸಿ ಸೀಳು ತೋರಿಸಿ, ತಲೆಯೆತ್ತಿ ಒಮ್ಮೆ ಮೇಲ್ಛಾವಣಿ ನೋಡಿದ. ಹೊಸ ಪೈಪು ಹಾಕಿ ಹೋದ. ಆ ಒಂದು ನೋಟ ನೆನೆದು ಪುಕ್ಕಲಿಗೆ ವಾರಗಟ್ಟಲೆ ನಿದ್ದೆ ಸರಿಯಾಗಿ ಬರಲಿಲ್ಲ.

ಯಾರಿಗೂ ಹೇಳಬೇಡ ಎಂದು ಅತ್ತೆ ಕೇಳಿಕೊಂಡಳು. ಇದೊಂದರಲ್ಲಿ ಮಾತ್ರ ಪುಕ್ಕಲಿ ಅವಳ ಮಾತು ನಡೆಸಲಿಲ್ಲ. ಅದೇ ಸಂಜೆ ಅಪ್ಪನಿಗೆ ಎಲ್ಲ ಹೇಳಿದಳು, ದರ್ಜಿಯ ಹೆಂಡತಿಗೂ ಹೇಳಿದಳು. ನೆತ್ತಿಯ ಮೇಲೆ ಕೂಸಿಟ್ಟುಕೊಂಡವಳಿಗೆ ಗೊತ್ತಿರಬೇಕಲ್ಲ. ಅತ್ತೆ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ತಮ್ಮನ ಜೊತೆ, ಗಿರಾಕಿಯಲ್ಲದ ಒಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋದಳು. ವಾಸನೆ ತಿರುಗಿ ಬರಲೂಬಹುದು, ಬರದೆಯೂ ಇರಬಹುದು ಎಂದರಂತೆ ಅವರು. ಇದನ್ನು ಹೇಳುವುದಕ್ಕೆ ಅಷ್ಟು ಓದಬೇಕಿತ್ತೇ ಎಂದು ಅತ್ತೆ ಮನೆಗೆ ಬಂದು ಕೇಳಿದಳು. ಹಾಗೆ ಕೇಳಿದಳಲ್ಲ, ಸದ್ಯ, ಎಂದು ಅಪ್ಪ ಉಸಿರುಬಿಟ್ಟ.

ಕಿಟಕಿ ಎರಡು ವಾರ ಮುಚ್ಚಿತ್ತು. ಮೂರನೆಯ ವಾರ ಪುಕ್ಕಲಿಯೇ ಒಲೆ ಹಚ್ಚಿದಳು. ಹಚ್ಚುವ ಮೊದಲು ನಾಲ್ಕು ಸಲ ಮೂಸಿದಳು, ಪೈಪನ್ನು ಉದ್ದಕ್ಕೂ ಮುಟ್ಟಿ ನೋಡಿದಳು. ಅತ್ತೆ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತು, ಪಾಕದ ಸದ್ದು ಕೇಳಿಯೇ ಹೇಳುತ್ತಿದ್ದಳು. ಈಗ ಗುಳ್ಳೆ ದೊಡ್ಡದು, ಇನ್ನೂ ನೀರಿದೆ. ಈಗ ಸದ್ದು ದಪ್ಪಗಾಯಿತು, ಎಳೆ ನೋಡು. ಈಗ ಸೌಟು ಭಾರವಾಗುತ್ತದೆ, ಪುಡಿ ಹಾಕು. ನಾಲಿಗೆ ಬೇಕಿಲ್ಲದ ಎಷ್ಟೋ ಸಂಗತಿ ಅವಳಲ್ಲಿದ್ದವು. ನಲವತ್ತು ವರ್ಷ ಅವನ್ನು ಯಾರಿಗೂ ಹೇಳದೆ ಇದ್ದದ್ದರಿಂದ, ಹೇಳುವುದು ಹೇಗೆಂದು ಅವಳಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಹನಿ ಹಾರಿ ಪುಕ್ಕಲಿಯ ಮಣಿಕಟ್ಟಿನ ಮೇಲೆ ಕೂತಿತು. ಅವಳು ಅಯ್ಯೋ ಎಂದಳು, ಕಣ್ಣಲ್ಲಿ ನೀರು ಬಂತು, ಆದರೆ ಸೌಟು ಬಿಡಲಿಲ್ಲ. ಅತ್ತೆ ಎದ್ದು ಬಂದು ಒದ್ದೆ ಬಟ್ಟೆಯನ್ನು ಅವಳ ಮಣಿಕಟ್ಟಿಗೆ ಸುತ್ತಿದಳು.

ಕಿತ್ತಳೆ ತುರಿ ಎಷ್ಟು ಎಂದು ಪುಕ್ಕಲಿ ತಾನೇ ತಿಂದು ನೋಡಿ ತೀರ್ಮಾನಿಸಿದಳು. ಮೊದಲ ಡಬ್ಬಿ ಕೊಂಡ ಔಷಧಿ ಅಂಗಡಿಯವರು ಕಿಟಕಿಯಲ್ಲೇ ಒಂದು ಬಾಯಿಗೆ ಹಾಕಿಕೊಂಡು, ಮೊದಲಿನ ರುಚಿಯಲ್ಲ ಎಂದರು. ಒಳಗಿದ್ದ ಪುಕ್ಕಲಿ ಬಾಗಿಲಿಗೆ ಬಂದು ನಿಂತಳು.

"ಹೌದು," ಎಂದಳು ಅತ್ತೆ. "ಇದು ನನ್ನ ತಮ್ಮನ ಮಗಳು ಮಾಡಿದ್ದು. ನನಗೆ ಈಗ ರುಚಿ ವಾಸನೆ ಏನೂ ತಿಳಿಯಲ್ಲ. ಹೇಗಿದೆ ಅಂತ ನೀವೇ ಅವಳಿಗೆ ಹೇಳಿ."

ಅವರು ಇನ್ನೊಂದು ಬಿಲ್ಲೆ ತೆಗೆದುಕೊಂಡರು. ಅದನ್ನು ನಿಧಾನವಾಗಿ ಅಗಿದು ಮುಗಿಸಿದರು. ಕಿತ್ತಳೆ ಒಂದು ಎಳೆ ಮುಂದಿದೆ, ಸಿಹಿ ಹದವಾಗಿದೆ, ಎಂದರು ಕೊನೆಗೆ. ಡಬ್ಬಿಗೆ ದಾರ ಕಟ್ಟಿಸಿಕೊಂಡು ಹೋದರು.